ಗಿರಣಿಯ ಉಲ್ಟಾ ಮೋಟರು

ನನಗೆ ಇಂದಿಗೂ ರೊಟ್ಟಿ ದುಂಡಗೆ ಬಡಿಯಲು ಬರುವುದಿಲ್ಲ. ಎಂಜಿನಿಯರ್ ಆದದ್ದಕ್ಕೇ ಹೀಗಾಯಿತೆಂದು ನಮ್ಮ ಅತ್ತೆಯವರ ನಂಬಿಕೆ. ನಿಜ ಹೇಳಬೇಕೆಂದರೆ ರೊಟ್ಟಿ ಮೊದಲೇ ಸೊಟ್ಟಗಿತ್ತು. ಎಂಜಿನಿಯರ್ ಆದದ್ದು ಆಮೇಲೆ.

ಎಪ್ಪತ್ತರ ದಶಕದ ಒಂದು ಬೇಸಿಗೆ ರಜೆ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದವಳು ನಮ್ಮೂರು ಗುಡಗೇರಿಗೆ ಬಂದಿದ್ದೆ. ಇನ್ನೊಂದು ವರ್ಷ ಬಾಕಿ. "ಕಲ್ತದ್ದು ಸಾಕವಾ, ಇನ್ನ ಮನ್ಯಾಗ ಇರು," ಎಂದು ಅಪ್ಪ ಹೇಳಿಬಿಟ್ಟರು. ನಾನು ವಾದಿಸಲಿಲ್ಲ. ಓದಬೇಕೆಂಬ ಆಸೆಯೇನೋ ಬೆಟ್ಟದಷ್ಟಿತ್ತು, ಆದರೆ ನನ್ನ ಮೇಲೆ ನನಗೇ ಅನುಮಾನ. ಕ್ಲಾಸಿಗೆ ನಾನೊಬ್ಬಳೇ ಹುಡುಗಿ. ಪ್ರಯೋಗಶಾಲೆಯಲ್ಲಿ ತಂತಿ ಮುಟ್ಟುವುದು ಹುಡುಗರು, ಮೀಟರ್ ನೋಡಿ ಅಂಕಿ ಬರೆದುಕೊಳ್ಳುವುದು ನಾನು. ಅಕ್ಷರವಾದರೂ ದುಂಡಗಿತ್ತಲ್ಲ!

ಸುಮ್ಮನೆ ಕೂತವಳ ಕೈಗೆ ಅವ್ವ ಜೋಳದ ಡಬ್ಬಿ ಕೊಟ್ಟು ಗಿರಣಿಗೆ ಅಟ್ಟಿದಳು. ಅಲ್ಲಿ ಹೆಂಗಸರ ದೊಡ್ಡ ಪಾಳಿ. ಹಿಂದಿನ ದಿನ ಮೋಟರನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಕೂರಿಸಿದ್ದರಂತೆ. ಬೆಳಗಿನಿಂದ ಹಿಟ್ಟಿನ ಬದಲು ನುಚ್ಚು ಬರುತ್ತಿತ್ತು. ಗಿರಣಿಯ ಮಾಬುಸಾಬ್ ಕಾಕಾ ಕಲ್ಲಿನದೇ ತಪ್ಪೆಂದು ಅದನ್ನು ಎರಡು ಸಲ ಉಳಿಯಿಂದ ಕಟೆದು, ಬೆವತು ಕೂತಿದ್ದರು. ಮೋಟರಿನಿಂದ ಕಲ್ಲಿಗೆ ಹೋಗುವ ಪಟ್ಟಾ ಓಡುವುದನ್ನು ನಾನು ನೋಡಿದೆ. ಗಿರಣಿಯ ಮೇಲಿದ್ದ ಬಾಣದ ಗುರುತಿಗೆ ಅದು ವಿರುದ್ಧವಾಗಿ ಓಡುತ್ತಿತ್ತು.

"ಕಾಕಾ, ಮೋಟರ್ ಉಲ್ಟಾ ತಿರಗಾಕತ್ತೈತ್ರಿ."

"ಹೌದೇನವಾ? ಹಂಗಾರ ನೀನ ಸರಿ ಮಾಡು," ಎಂದರು ಕಾಕಾ, ಅರ್ಧ ಚೇಷ್ಟೆಗೆ, ಅರ್ಧ ಸುಸ್ತಿಗೆ.

ಮೂರು ಫೇಸಿನ ಮೋಟರಿಗೆ ಇದೇ ದಿಕ್ಕಾಗಬೇಕೆಂಬ ಹಟವಿಲ್ಲ. ಮೂರು ತಂತಿಗಳಲ್ಲಿ ಯಾವ ಎರಡನ್ನಾದರೂ ಅದಲುಬದಲು ಮಾಡಿದರೆ ಸಾಕು, ತೆಪ್ಪಗೆ ಆ ಕಡೆ ತಿರುಗುತ್ತದೆ. ಮನುಷ್ಯರಲ್ಲಿ ಈ ಗುಣ ಕಡಿಮೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೆ, ಕೈಯಾರೆ ಮಾಡಿರಲಿಲ್ಲ. ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು, ಯಾರೂ ಮತ್ತೆ ಹಾಕದಿರಲೆಂದು ಸೆರಗಿನಲ್ಲಿ ಗಂಟು ಕಟ್ಟಿಕೊಂಡೆ. ತಪ್ಪಿದರೆ, ಅಪ್ಪನ ಮಾತೇ ಸರಿಯೆಂದು ಇಡೀ ಊರಿಗೆ ನಾನೇ ಸಾರಿದಂತೆ.

ತಂತಿ ಬದಲಿಸಿ, ಫ್ಯೂಸ್ ಹಾಕಿ, ಸ್ವಿಚ್ ಒತ್ತಿ ಕಣ್ಣು ಮುಚ್ಚಿಕೊಂಡೆ.

"ಬಂತ ಬೇ, ಅಗದಿ ಸಣ್ಣ ಹಿಟ್ಟ ಬಂತ!" ಕಾಕಾ ಕೂಗಿದರು. ಪಾಳಿಯಲ್ಲಿದ್ದ ಮುದುಕಿಯೊಬ್ಬಳು ಹತ್ತಿರ ಬಂದು, "ಆ ಎರಡ ತಂತಿ ಯಾವು, ನನಗೂ ತೋರ್ಸ ತಂಗಿ," ಎಂದಳು. ನನಗೆ ಅಳುವೇ ಬಂತು.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಸಂಜೆ ಅದೇ ಹಿಟ್ಟಿನ ರೊಟ್ಟಿ ಬಡಿದೆ, ಎಂದಿನಂತೆ ಸೊಟ್ಟಗೆ. ಅಪ್ಪ ಒಂದನ್ನು ಎತ್ತಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಂಥಾ ರೊಟ್ಟಿ ಬಡಿಯಾಕಿ ಮನ್ಯಾಗ ಕುಂತ ಏನ್ ಮಾಡ್ತಿ? ರಜಾ ಮುಗದ ಮ್ಯಾಲೆ ಹುಬ್ಬಳ್ಳಿ ಗಾಡಿ ಹಿಡಿ."

ಅಪ್ಪನಿಗೂ ದಿಕ್ಕು ಬದಲಿಸಲು ಒಂದು ನೆಪ ಬೇಕಿತ್ತು. ಅದಕ್ಕೇ ದುಂಡನೆಯ ರೊಟ್ಟಿ ಕಲಿಯುವ ಗೋಜಿಗೆ ನಾನು ಇನ್ನೂ ಹೋಗಿಲ್ಲ.