ಉಗುಳಿದ ಒಂದು ಗುಟುಕು

ಬೆಳಕು ಹರಿಯುವ ಹೊತ್ತು. ಬಾಟಲಿಗಳ ಸದ್ದು ಇನ್ನೂ ಶುರುವಾಗಿಲ್ಲ. ಒದ್ದೆ ಸಿಮೆಂಟ್ ನೆಲದ ಮೇಲೆ ರಬ್ಬರ್ ಚಪ್ಪಲಿಯಲ್ಲಿ ನಿಂತು ಆಕೆ ಟ್ಯಾಂಕಿನ ನಲ್ಲಿ ತಿರುಗಿಸುತ್ತಾರೆ. ಲೋಟಕ್ಕೆ ಎರಡು ಬೆರಳಷ್ಟು ಬಿಯರ್ ಇಳಿಯುತ್ತದೆ, ಒಣಹುಲ್ಲಿನ ಬಣ್ಣ. ಕಿಟಕಿಗೆ ಹಿಡಿದು ನೋಡುತ್ತಾರೆ, ಮೂಸುತ್ತಾರೆ, ಕುಡಿಯುತ್ತಾರೆ. ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಬಿಡುತ್ತಾರೆ. ಆಮೇಲೆ ತಲೆಯಾಡಿಸುತ್ತಾರೆ. ಆ ತಲೆ ಆಡದೆ ಇಲ್ಲಿ ಒಂದು ಬಾಟಲಿಯೂ ತುಂಬುವುದಿಲ್ಲ.

ಈ ಸಣ್ಣ ಕಾರ್ಖಾನೆಯಲ್ಲಿ ತಯಾರಾಗುವುದು ಒಂದೇ ಬಗೆ, ಹಗುರವಾದ ಲಾಗರ್ ಬಿಯರ್. ಆಕೆ ಎಲ್ಲರಿಗೂ ಮೂಗಿನಕ್ಕ.

"ಸಂಬಳ ಕೊಟ್ಟು ಕುಡಿಸ್ತಾರೆ. ಪುಣ್ಯವಂತೆ ಕಣಕ್ಕ ನೀನು," ಎಂದು ಟ್ಯಾಂಕ್ ತೊಳೆಯುವಾತ ರೇಗಿಸುತ್ತಾನೆ.

"ನೀನೇ ಬಾರೋ. ಬೆಳಿಗ್ಗೆ ಕಾಫಿ ಬಿಡು, ಈರುಳ್ಳಿ ಬಿಡು, ಸಿಗರೇಟು ಬಿಡು."

"ಅಷ್ಟೆಲ್ಲ ಬಿಟ್ಟು ಬದುಕೋದು ಯಾಕಕ್ಕ?"

ಪತ್ರಿಕೆಗೆ ಬರೆಯಲೆಂದು ಬಂದ ನನಗೂ ಒಂದು ಗುಟುಕು ಕೊಡುತ್ತಾರೆ. ಏನೂ ತಿಳಿಯುತ್ತಿಲ್ಲ ಎನ್ನುತ್ತೇನೆ. "ಹಾಗಾದ್ರೆ ಸರಿಯಾಗಿದೆ ಅಂತ್ಲೇ. ಗಾಢ ಬಿಯರಲ್ಲಿ ತಪ್ಪು ಬಚ್ಚಿಟ್ಕೊಳ್ಳುತ್ತೆ ಮೇಡಂ. ಇದ್ರಲ್ಲಿ ಅದಕ್ಕೆ ಜಾಗಾನೇ ಇಲ್ಲ."

ಮಾತಾಡುವಾಗ ಅವರ ಅಂಗೈ ಬಾಯಿಗೆ ಅಡ್ಡ ಬರುತ್ತದೆ. ಅಪ್ಪ ಕುಡಿದೇ ಸತ್ತವರು. ಬಾಗಿಲಲ್ಲೇ ಅವರ ಬಾಯಿ ಮೂಸಿ ನೋಡುತ್ತಿದ್ದ ಅಮ್ಮ ಈಗಲೂ ಅದೇ ಬಾಗಿಲ ಬಳಿ ಕೂರುತ್ತಾರೆ. ಮಗಳು ಕೂಲ್‌ಡ್ರಿಂಕ್ ಬಾಟಲಿ ತೊಳೆಯುತ್ತಾಳೆ ಎಂದು ನಂಬಿದ್ದಾರೆ. ಮೊದಲು ಸೇರಿದ್ದು ಬಾಟಲಿ ತೊಳೆಯಲೆಂದೇ. "ಈ ಬಿಯರಲ್ಲಿ ಒದ್ದೆ ರಟ್ಟಿನ ವಾಸನೆ ಬರ್ತಿದೆ" ಎಂದು ಒಂದು ದಿನ ಬಾಯಿ ಬಿಟ್ಟದ್ದಕ್ಕೆ ಯಜಮಾನರು ರುಚಿ ನೋಡಲು ಹಚ್ಚಿದರು. ಅದನ್ನು ಮನೆಯಲ್ಲಿ ಹೇಳಲಾಗಲಿಲ್ಲ. ಹೊರಡುವ ಮುನ್ನ ಬಾಯಿ ತೊಳೆದೂ ತೊಳೆದೂ, ಲವಂಗ ಕಚ್ಚಿ, ಮುಖ ಆಚೆ ತಿರುಗಿಸಿಕೊಂಡೇ ಅಮ್ಮನನ್ನು ದಾಟುತ್ತಾರೆ.

ಹೋದ ವರ್ಷ ಒಂದು ದಿನ ತಂಗಿಯನ್ನು ನೋಡಲು ಗಂಡಿನ ತಾಯಿ ಊಟಕ್ಕೆ ಬರುವವರಿದ್ದರು. ಬಡಿಸಬೇಕಾದವರು ಮೂಗಿನಕ್ಕನೇ. ಅಂದು ಬೆಳಿಗ್ಗೆ ಬಿಯರನ್ನು ಬಾಯಲ್ಲಿ ಆಡಿಸಿ ಮೋರಿಗೆ ಉಗುಳಿದರು.

ಬಿಯರನ್ನು ನುಂಗಲೇಬೇಕು. ಕೆಲವು ದೋಷಗಳು ಗಂಟಲು ದಾಟಿದ ಮೇಲೆ ಒಳಗಿನಿಂದ ಮೂಗಿಗೆ ಹತ್ತುತ್ತವೆ. "ಗೊತ್ತಿತ್ತು ನಂಗೆ. ಆದ್ರೂ ತಲೆಯಾಡಿಸ್ಬಿಟ್ಟೆ."

ಅಂಗಡಿಗಳಿಂದ ಬಾಟಲಿಗಳು ವಾಪಸು ಬಂದವು. ಹಳಸಿದ ಬೆಣ್ಣೆಯ ವಾಸನೆ. ಟ್ಯಾಂಕ್ ಸರಿಯಾಗಿ ತೊಳೆದಿಲ್ಲವೆಂದು ಯಜಮಾನರು ಎಲ್ಲರೆದುರು ಆ ಹುಡುಗಾಟದ ಮನುಷ್ಯನ ಮೇಲೆ ಹರಿಹಾಯ್ದರು. ಆತ ಮಕ್ಕಳ ಮೇಲೆ ಆಣೆ ಇಟ್ಟ. ಮೂಗಿನಕ್ಕ ಅಲ್ಲೇ ನಿಂತಿದ್ದರು.

"ಅವತ್ತು ಬಾಯಿಗೆ ಕೈ ಅಡ್ಡ ಇಟ್ಕೊಂಡಿದ್ದು ವಾಸನೆಗಲ್ಲ ಮೇಡಂ."

ಮರುದಿನ ಯಜಮಾನರ ಮುಂದೆ ಒಪ್ಪಿಕೊಂಡರು. ಕೆಲಸ ಉಳಿಯಿತು. ಟ್ಯಾಂಕ್ ತೊಳೆಯುವಾತನಿಗೂ ನಡೆದದ್ದೆಲ್ಲ ಹೇಳಿದರು. ಆತ ಕೇಳಿದ್ದು ಒಂದೇ: "ಊಟಕ್ಕೆ ಬಂದೋರು ತಂಗೀನ ಒಪ್ಪಿದ್ರಾ ಅಕ್ಕ?"

"ಒಪ್ಪಿದ್ರು ಕಣೋ."

"ಹೋಗ್ಲಿ ಬಿಡು."

"ಅವನು ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ. "ಇಷ್ಟು ವರ್ಷ ಕುಡಿಯೋದಕ್ಕೆ ನಾಚ್ಕೊಂಡೆ. ಉಗುಳಿದ್ದಕ್ಕೆ ಆದ ನಾಚಿಕೆ ಇನ್ನೂ ಗಂಟಲಲ್ಲೇ ಇದೆ."

ಹೆಸರು ಬೇಡ, ಫೋಟೊ ಬೇಡ ಎನ್ನುತ್ತಾರೆ. ಒಪ್ಪಿ ಹೊರಡುತ್ತೇನೆ. ಗೇಟಿನವರೆಗೆ ಬಂದು ನಿಲ್ಲಿಸುತ್ತಾರೆ.

"ಅಮ್ಮಂಗೆ ಕಣ್ಣು ಮಂಜು. ಭಾನುವಾರದ ಪೇಪರ್ ಓದಿ ಹೇಳೋದು ನಾನೇ. ಇದನ್ನೂ ಓದ್ತೀನಿ. ಉಗುಳಿದ್ದನ್ನ ಬಿಡ್ಬೇಡಿ, ಬರೀರಿ. ಯಾರೇ ಇವ್ಳು ಅಂತ ಅಮ್ಮ ಕೇಳೇ ಕೇಳ್ತಾರೆ."

"ಏನು ಹೇಳ್ತೀರಿ?"

ಅಂಗೈ ಬಾಯಿಯವರೆಗೆ ಬಂದು, ಕೆಳಗಿಳಿಯುತ್ತದೆ.

"ಭಾನುವಾರ ಮಧ್ಯಾಹ್ನದ ತನಕ ಡ್ಯೂಟಿ ಇದೆ. ಬಾಯಿ ತೊಳೀದೆ ಹೋಗಿ ಅಮ್ಮನ ಪಕ್ಕದಲ್ಲೇ ಕೂತು ಓದ್ಬೇಕು ಅಂತಿದೀನಿ. ಕೇಳೋ ಹೊತ್ತಿಗೆ ಅವರಿಗೇ ಗೊತ್ತಾಗಿರುತ್ತೆ."