ಬೆಂಚು ನೋಡುವ ಹೆನ್ರಿ ಮಾಸ್ಟ್ರು

ಹೆನ್ರಿ ಮಾಸ್ಟ್ರು ಬೇಸ್‌ಬಾಲ್ ಆಟ ನೋಡಲು ಬಂದರೆ ಆಟದ ಕಡೆ ನೋಡುತ್ತಿರಲಿಲ್ಲ. ಮಡಚುವ ಕುರ್ಚಿಯನ್ನು ಮೈದಾನಕ್ಕೆ ಓರೆಯಾಗಿ ಹಾಕಿಕೊಂಡು, ತಂಡದಲ್ಲಿದ್ದೂ ಅವಕಾಶ ಸಿಗದೆ ಬೆಂಚಿನಲ್ಲಿ ಕೂತ ಹುಡುಗರನ್ನು ನೋಡುತ್ತಿದ್ದರು. ಯಾರು ಉಗುರು ಕಚ್ಚುತ್ತಾನೆ, ಯಾರು ಮೊಬೈಲಿನಲ್ಲಿ ಮುಳುಗಿದ್ದಾನೆ, ಯಾರು ಕರೆ ಬಂದೀತೆಂದು ಇನ್ನೂ ತುದಿಗಾಲಲ್ಲಿದ್ದಾನೆ, ಇವೆಲ್ಲ ಅವರಿಗೆ ಬೇಕು.

"ಆಡುವ ಒಂಬತ್ತು ಜನ ಹೇಗಿದ್ದಾರೆ ಅಂತ ಎಲ್ರಿಗೂ ಕಾಣ್ತದೆ ಶೆಟ್ರೇ. ಹತ್ತನೆಯವ ಹೇಗಿದ್ದಾನೆ ಅಂತ ನೋಡ್ಬೇಕು. ಟೀಮ್ ಎಂಥದ್ದು ಅಂತ ಅವನ ಮುಖದಲ್ಲಿ ಗೊತ್ತಾಗ್ತದೆ," ಎಂದು ನನಗೆ ಹೇಳುತ್ತಿದ್ದರು.

ಈ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟು ಬರೆದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಬೆಳ್ಮಣ್ ಕಡೆಯವರು. ಇಲ್ಲಿ ಗಲ್ಫಿನಲ್ಲಿ, ಮನಾಮದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಹೆಂಡತಿ ಮಕ್ಕಳು ಊರಲ್ಲಿ, ಇವರು ಹೂರಾದಲ್ಲಿ ಕಫ್ತೇರಿಯಾದ ಮೇಲಿನ ಒಂದು ರೂಮಿನಲ್ಲಿ. ಹಿಂದೊಮ್ಮೆ ಅಮೆರಿಕನ್ನರ ಕ್ಯಾಂಪಿನಲ್ಲಿ ಕೆಲಸಕ್ಕಿದ್ದಾಗ ಬೇಸ್‌ಬಾಲಿನ ಹುಚ್ಚು ಹಿಡಿಸಿಕೊಂಡವರು, ಶುಕ್ರವಾರ ಬೆಳಿಗ್ಗೆ ಮುಹರ್ರಕ್ ಕಡೆಯ ಒಂದು ಮರಳು ಮೈದಾನದಲ್ಲಿ ನಮ್ಮವರ ಮಕ್ಕಳಿಗೆ ಅದನ್ನು ಕಲಿಸುತ್ತಿದ್ದರು. ಪಕ್ಕದಲ್ಲಿ ಕ್ರಿಕೆಟ್ ಆಡುವವರು ನಗುತ್ತಿದ್ದರು. ಇವರು ಅವರ ಚೆಂಡು ಬಂದರೆ ಎತ್ತಿ ಕೊಡುತ್ತಿದ್ದರು, ಅಷ್ಟೇ.

ನನ್ನ ಮಗ ನಿಹಾಲ್ ಆರನೇ ಕ್ಲಾಸಿನಲ್ಲಿ ಅವರ ಕೈಗೆ ಬಿದ್ದ. ನಾನು ಅವನನ್ನು ಗೇಟಿನ ಹತ್ತಿರ ಇಳಿಸಿ ಸೀದಾ ಇಲ್ಲಿಯ ನಮ್ಮ ಊರಿನವರ ಸಂಘದ ಮೀಟಿಂಗಿಗೆ ಹೋಗುತ್ತಿದ್ದೆ. ಆಗ ನಾನು ಸಂಘದ ಕ್ರೀಡಾ ಕಾರ್ಯದರ್ಶಿ. ಥ್ರೋಬಾಲ್, ಹಗ್ಗಜಗ್ಗಾಟ, ಹೆಂಗಸರ ನಿಂಬೆ ಚಮಚ ಎಲ್ಲ ನನ್ನ ತಲೆಯ ಮೇಲೆ. ಮಧ್ಯಾಹ್ನ ಬಂದು ಹಾರ್ನ್ ಹೊಡೆದರೆ ಮರಳು ಮೆತ್ತಿಕೊಂಡ ಮಗ ಕಾರು ಹತ್ತುತ್ತಿದ್ದ.

ಮನೆಯಲ್ಲಿ ಮಾತ್ರ ಸದಾ "ಹೆನ್ರಿ ಅಂಕಲ್ ಸೆಡ್." ಕೋಲಾ ಕುಡಿಯಬೇಡ ಎಂದು ನಾನು ವರ್ಷಗಟ್ಟಲೆ ಬಡಕೊಂಡಿದ್ದೆ. ಅವರು ಒಂದು ಸಲ ಹೇಳಿದರು, ಬಿಟ್ಟ. ಬೇಗ ಏಳು ಎಂದು ನಾನು ಹೇಳಿದರೆ ಮುಸುಕು ಎಳೆಯುತ್ತಿದ್ದವನು ಶುಕ್ರವಾರ ನನ್ನನ್ನೇ ಎಬ್ಬಿಸುತ್ತಿದ್ದ. ಒಳ್ಳೆಯದೇ ಆಗುತ್ತಿತ್ತು, ನನ್ನಿಂದ ಆಗುತ್ತಿರಲಿಲ್ಲ ಎನ್ನುವುದೇ ನನ್ನ ಸಂಕಟ.

ಹನ್ನೆರಡನೇ ಕ್ಲಾಸು ಮುಗಿಯುತ್ತಲೇ ಎಲ್ಲರಂತೆ ನಾವೂ ಊರಿನ ಕಾಲೇಜು ಹುಡುಕಿದೆವು. ಆಟದ ಮೇಲೆ ಸೀಟು ಕೊಡಲು ಎರಡು ಕಾಲೇಜು ಮುಂದೆ ಬಂದವು. ಒಂದು ದೊಡ್ಡದು, ವಿಶ್ವವಿದ್ಯಾಲಯದ ತಂಡದ ಅರ್ಧ ಜನ ಅಲ್ಲಿಯವರೇ. ಇನ್ನೊಂದು ಕುಂದಾಪುರದಾಚೆಯ ಸಣ್ಣ ಕಾಲೇಜು. ನಾನು ರಜೆಯಲ್ಲಿ ಹೋದಾಗ ದೊಡ್ಡ ಕಾಲೇಜಿಗೆ ಹೋಗಿಬಂದೆ. ಪ್ರಿನ್ಸಿಪಾಲರೇ ಟ್ರೋಫಿಗಳ ಕಪಾಟು ತೋರಿಸಿದರು, ಗೋಡಂಬಿ, ಚಹಾ ಆಯಿತು. ಕಪಾಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಸಂಘದ ಗ್ರೂಪಿಗೆ ಹಾಕಿದೆ.

ಅದೇ ತಿಂಗಳು ಹೆನ್ರಿ ಮಾಸ್ಟ್ರೂ ರಜೆಯಲ್ಲಿ ಊರಿಗೆ ಹೋಗಿದ್ದರು. ವರ್ಷಕ್ಕೊಮ್ಮೆ ಸಿಗುವ ಮೂವತ್ತು ದಿನದಲ್ಲಿ ಎರಡು ದಿನವನ್ನು, ಹೆಂಡತಿಯ ಕೈಲಿ ಬೈಸಿಕೊಂಡು, ಆ ಎರಡು ಕಾಲೇಜಿನ ಮೈದಾನದಲ್ಲಿ ಕಳೆದರಂತೆ. ಗಲ್ಫಿನಲ್ಲಿದ್ದವರಿಗೆ ರಜೆಯ ಎರಡು ದಿನ ಎಂದರೆ ಏನೆಂದು ಗೊತ್ತು.

ವಾಪಸು ಬಂದಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದರು. ನಾನು ಎದುರಿಗೇ ಕೂತಿದ್ದೆ. ನಿಹಾಲ್ ನನ್ನನ್ನು ದಾಟಿ, "ಅಂಕಲ್, ನೀವು ಹೇಳಿ. ವಿಚ್ ಒನ್?" ಎಂದ.

"ದೊಡ್ಡ ಕಾಲೇಜಿನ ಬೆಂಚಲ್ಲಿ ಏಳು ಜನ ಇದ್ರು," ಎಂದರು ಮಾಸ್ಟ್ರು. "ನಾಲ್ಕು ಜನ ಫೈನಲ್ ಇಯರ್. ಒಬ್ಬನ ಹತ್ರ ಮಾತಾಡಿದೆ. ಮೂರು ವರ್ಷದಲ್ಲಿ ಎರಡೇ ಮ್ಯಾಚ್ ಆಡಿದ್ದಂತೆ, ಪಾಪ. ಒಳ್ಳೇ ಹುಡುಗ. ನಾನೂ ಹಾಗೇ, ಕಾಲೇಜಲ್ಲಿ ಸಾಫ್ಟ್‌ಬಾಲ್ ಟೀಮಿಗೆ ಮೂರು ವರ್ಷ ನೀರು ತುಂಬಿಸಿ ಕೊಟ್ಟವ."

"ಆ ಸಣ್ಣ ಕಾಲೇಜಲ್ಲಿ ಬೆಂಚಾದ್ರೂ ಉಂಟಾ?" ನಾನು ಕೊಂಕು ತೆಗೆದೆ.

"ಉಂಟು, ಮೂರು ಜನ. ನಿಹಾಲ್ ಆಡುವ ಜಾಗದಲ್ಲಿ ಒಬ್ಬ ಇದ್ದಾನೆ, ಇವನಿಗಿಂತ ಸ್ವಲ್ಪ ಜೋರು. ಬೆವರು ಸುರಿಸಿದ್ರೆ ಇವ ಅವನನ್ನು ಹಿಡಿತಾನೆ. ಸುಮ್ಮನೆ ಹೋದ ಕೂಡ್ಲೇ ಆಡಿಸುವ ಕಡೆಗೂ ಹೋಗ್ಬಾರ್ದು ಶೆಟ್ರೇ, ಎಷ್ಟು ಬೆವರಿದ್ರೂ ಆಡಿಸದ ಕಡೆಗೂ ಹೋಗ್ಬಾರ್ದು."

"ಯಾರೂ ಹೆಸರು ಕೇಳದ ಕಾಲೇಜು," ಎಂದೆ.

"ಓಕೆ ಅಂಕಲ್. ಸ್ಮಾಲ್ ಒನ್," ಎಂದ ನಿಹಾಲ್. ನನ್ನ ಮುಖವನ್ನೂ ನೋಡಲಿಲ್ಲ.

ಅವರು ಹೋದಮೇಲೆ ನನ್ನ ಹೆಂಡತಿ ಸುಮನಾ ಕಪ್ಪು ಎತ್ತುತ್ತಾ ಕೇಳಿದಳು: "ನಿಮ್ಗೆ ಬೇಜಾರು ಕಾಲೇಜಿಂದಾ, ಹೆನ್ರಿ ಮಾಸ್ಟ್ರದ್ದಾ?"

ನಾನು ಟಿವಿ ಹಾಕಿದೆ.

ಮಗ ಮೊದಲ ವರ್ಷವೇ ಆರು ಮ್ಯಾಚ್ ಆಡಿದ. ನನಗೆ ಖುಷಿಯಾಗಬೇಕಿತ್ತು. ಆದರೆ ಪ್ರತಿ ಸಲವೂ ಸುದ್ದಿ ಮೊದಲು ಹೂರಾದ ಮಾಸ್ಟ್ರ ರೂಮಿಗೆ ಹೋಗಿ, ಅಲ್ಲಿಂದ ನನಗೆ ಬರುತ್ತಿತ್ತು. "ನಿಹಾಲ್ ಇವತ್ತು ಒಳ್ಳೇ ಆಡಿದ, ಗೊತ್ತಾಯ್ತಲ್ಲ ಶೆಟ್ರೇ?" ಎಂದು ಮಾಸ್ಟ್ರು ಫೋನು ಮಾಡಿದರೆ ನಾನು "ಹೌದೌದು, ಗೊತ್ತಾಯ್ತು," ಎಂದು ಸುಳ್ಳು ಹೇಳುತ್ತಿದ್ದೆ.

ಈ ವರ್ಷ ಹೆನ್ರಿ ಮಾಸ್ಟ್ರು ಕೆಲಸ ಬಿಟ್ಟು, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟರು. ಊರಿಗೆ ಹೊರಟವರ ಕೈಲಿ ನಾವೆಲ್ಲ ಪೊಟ್ಟಣ ಕಳಿಸುವುದು ಇಲ್ಲಿಯ ಪದ್ಧತಿ. ಖರ್ಜೂರ, ಹಾಲಿನ ಪುಡಿ, ಅತ್ತರು ಎಂದು ಅವರ ರೂಮು ತುಂಬಿಹೋಗಿತ್ತು. ನಾನು ಮಾತ್ರ ಮಗನಿಗೆ ಬೇಸ್‌ಬಾಲ್ ಗ್ಲೌಸ್ ಕಳಿಸಬೇಕೆಂದು ಹೊರಟೆ. ಚೆಂಡು ಹಿಡಿಯಲು ಒಂದೇ ಕೈಗೆ ಹಾಕುವ ದೊಡ್ಡ ಚರ್ಮದ ಗ್ಲೌಸ್. ಎಸೆಯುವ ಕೈ ಖಾಲಿ ಇರಬೇಕಾದ್ದರಿಂದ ಅದನ್ನು ಇನ್ನೊಂದು ಕೈಗೆ ಹಾಕುತ್ತಾರೆ ಎಂದು ಅಂಗಡಿಯವನೇ ಹೇಳಿಕೊಟ್ಟ. ಅಂಗಡಿಯಲ್ಲಿದ್ದುದರಲ್ಲೇ ಚಂದದ್ದು, ಕಂದು ಬಣ್ಣದ್ದು, ನನ್ನ ಎಡಗೈಗೇ ಹಾಕಿ ನೋಡಿ ಕೊಂಡೆ. ಹೆನ್ರಿ ಮಾಸ್ಟ್ರು ಇಷ್ಟು ವರ್ಷ ಬರೀ ಮಾತು ಕೊಟ್ಟರು, ವಸ್ತು ಕೊಡುವವನು ನಾನು ಎಂದುಕೊಂಡೆ.

ಹೊರಡಲು ಎರಡು ದಿನ ಇತ್ತು. ಮಾಸ್ಟ್ರು ಚಾಪೆಯ ಮೇಲೆ ಕೂತು ಸೂಟ್‌ಕೇಸ್ ತೂಗುತ್ತಿದ್ದರು. ಪೆಟ್ಟಿಗೆ ತೆರೆದು, ಗ್ಲೌಸಿನೊಳಗೆ ಕೈ ಹಾಕಿ, ಆಚೆ ಈಚೆ ತಿರುಗಿಸಿ ನೋಡಿದರು.

"ಒಳ್ಳೇ ಚರ್ಮ ಶೆಟ್ರೇ."

"ಪಪ್ಪ ಕೊಟ್ಟದ್ದು ಅಂತ ಹೇಳ್ಬೇಕು ನೀವು," ಎಂದೆ.

"ಹೇಳ್ದೆ ಇರ್ತೇನಾ. ಕೂತ್ಕೊಳ್ಳಿ, ಚಹಾ ತರಿಸ್ತೇನೆ."

ಮೀಟಿಂಗ್ ಉಂಟು ಎಂದು ಕೈಕುಲುಕಿ ಹೊರಟುಬಿಟ್ಟೆ. ಮಗನಿಗೆ ಮಾಡಿದ್ದಕ್ಕೆ ಉಪಕಾರ ಆಯ್ತು ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ. ಅದೇ ಕೊನೆಯ ಭೇಟಿ.

ಅವರು ಹೋದ ನಾಲ್ಕನೇ ದಿನ ನಿಹಾಲ್ ತಾನಾಗಿ ನನಗೆ ಫೋನ್ ಮಾಡಿದ. ಅಷ್ಟು ಸಂತೋಷದ ದನಿಯನ್ನು ನನ್ನ ಮಟ್ಟಿಗೆ ನಾನು ಕೇಳಿಯೇ ಇರಲಿಲ್ಲ.

"ಪಪ್ಪಾ, ಗ್ಲೌಸ್ ಸೂಪರ್ ಉಂಟು. ಬ್ಲ್ಯಾಕ್ ನನ್ನ ಫೇವರಿಟ್. ಲೆಫ್ಟ್‌ನಲ್ಲಿ ಎಸೆಯುವವರದ್ದು ಸಿಗೋದೇ ಕಷ್ಟ, ನೀವು ಎಲ್ಲಿ ಹುಡುಕಿದ್ರಿ?"

ನಾನು ಕೊಂಡದ್ದು ಕಂದು ಬಣ್ಣದ್ದು, ಬಲಗೈಯಲ್ಲಿ ಎಸೆಯುವವನದ್ದು. ನನ್ನ ಮಗ ಊಟ ಮಾಡುವುದು, ಬರೆಯುವುದು ಬಲಗೈಯಲ್ಲಿ. ಎಸೆಯುವ ಕೈ ಯಾವುದೆಂದು ನಾನು ಒಂದು ದಿನವೂ ನಿಂತು ನೋಡಿದವನಲ್ಲ. ಹೆನ್ರಿ ಮಾಸ್ಟ್ರು ಕೊನೆಯ ಎರಡು ದಿನ ಪ್ಯಾಕಿಂಗ್ ಬಿಟ್ಟು ಮನಾಮದ ಅಂಗಡಿ ಸುತ್ತಿ ಅದನ್ನು ಬದಲಾಯಿಸಿ ಒಯ್ದಿದ್ದಾರೆ. ಅವನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನನ್ನ ಮಗ ನನ್ನನ್ನು ಮೆಚ್ಚಿದ ಆ ಒಂದು ಗಳಿಗೆಯನ್ನೂ ಅವರೇ ದೊರಕಿಸಿಕೊಟ್ಟಿದ್ದರು. ಅವತ್ತು ಆದಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿರಲಿಲ್ಲ.

"ಆ್ಯಕ್ಚುಲಿ, ನಾನು ಲೆಫ್ಟಿ ಅಂತ ನಿಮ್ಗೆ ಗೊತ್ತೇ ಇಲ್ಲ ಅಂದ್ಕೊಂಡಿದ್ದೆ ಪಪ್ಪಾ," ಎಂದ ನಿಹಾಲ್.

"ಗೊತ್ತಿಲ್ದೆ ಇರ್ತದಾ ಮಗಾ," ಎಂದೆ.