ಎಂಬತ್ತೇಳನೇ ಪತ್ರ

ದೆವ್ವ ನೋಡಿದೆ, ಸತ್ತವರು ಹೆಸರು ಹಿಡಿದು ಕರೆದರು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಕಂಪ್ಯೂಟರ್ ಮುಂದೆ ಕೂತು ಅನ್ನ ಸಂಪಾದಿಸುವವನಿಗೆ ಇಂಥದ್ದನ್ನೆಲ್ಲ ನಂಬಲು ಪುರುಸೊತ್ತೆಲ್ಲಿ? ಯಂತ್ರ ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ. ಈಗಲೂ ದೆವ್ವವನ್ನು ನಂಬುತ್ತೇನೆಂದಲ್ಲ, ಆದರೆ ನಗುವುದನ್ನು ಬಿಟ್ಟಿದ್ದೇನೆ. ಕಾರಣವನ್ನು ಇಷ್ಟು ವರ್ಷ ನನ್ನದೆಂದು ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಹೊಸತು. ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಒಂದು ಕಂಪನಿಯ ಆಫೀಸಿನಲ್ಲಿ ನಾನಿದ್ದೆ, ದಿನಾ ಹೊಸಕೋಟೆಯಿಂದ ಓಡಾಟ. ಪ್ಯಾಕಿಂಗ್ ಕೆಲಸಕ್ಕೆ ಸುತ್ತಲ ಹಳ್ಳಿಗಳಿಂದ ರಾಶಿ ಅರ್ಜಿ ಬಂದಿದ್ದವು. ಅವರಿಗೆಲ್ಲ ಸಂದರ್ಶನದ ಪತ್ರವನ್ನು ಈಮೇಲಿನಲ್ಲಿ ಕಳಿಸುವುದು ನನ್ನ ಕೆಲಸ. ಅರ್ಜಿದಾರರ ವಿವರವೆಲ್ಲ ಡೇಟಾಬೇಸಿನಲ್ಲಿತ್ತು. ಹೆಸರಿನ ಜಾಗ ಖಾಲಿ ಬಿಟ್ಟು ಒಂದು ಮಾದರಿ ಪತ್ರ ಬರೆದೆ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡ್ ಕೊಟ್ಟರೆ ಸಾಕು, ಪ್ರತಿಯೊಬ್ಬರಿಗೂ ಅವರವರ ಹೆಸರು, ವಿಳಾಸ, ಸರದಿ ಸಂಖ್ಯೆ, ಸಮಯ ತುಂಬಿಕೊಂಡು ಪತ್ರ ಹೊರಡುತ್ತಿತ್ತು. ಒಬ್ಬರಿಗೇ ಎರಡು ಸಲ ಹೋಗದಿರಲಿ ಎಂದು, ಅದೇ ಈಮೇಲ್ ಮತ್ತೆ ಬಂದರೆ ಬಿಟ್ಟುಬಿಡು ಎಂಬುದನ್ನೂ ಆ ಸಾಲಿಗೆ ಸೇರಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸಂದರ್ಶನ ಒಂದೇ ದಿನ. ಬೆಳಿಗ್ಗೆ ಸೆಕ್ಯೂರಿಟಿಯವನು ಒಬ್ಬ ಹೆಂಗಸನ್ನು ನನ್ನ ಮೇಜಿಗೆ ಕರೆತಂದ. ಬೂದಿಗೆರೆಯ ಮಂಜುಳ. ಕೈಯಲ್ಲಿ ನಮ್ಮದೇ ಪತ್ರದ ಪ್ರಿಂಟು, ಸರದಿ ಸಂಖ್ಯೆ ಎಂಬತ್ತೇಳು. ಆದರೆ ಎಂಬತ್ತೇಳನೆಯವನೊಬ್ಬ ತನ್ನ ಪತ್ರ ತೋರಿಸಿ ಆಗಲೇ ಒಳಗೆ ಕೂತಿದ್ದ. ಯಾರಿಗೆಲ್ಲ ಪತ್ರ ಹೋಗಿದೆ ಎಂಬ ಪಟ್ಟಿ ತೆಗೆದು ನೋಡಿದೆ. ಅವಳ ಹೆಸರೇ ಇರಲಿಲ್ಲ. ನಿಮಗೆ ನಾವು ಪತ್ರ ಕಳಿಸಿಲ್ಲ ಎಂದೆ.

"ಸೈಬರ್ ಅಂಗ್ಡಿ ಗ್ರಿಲ್ಲಿಗೆ ಸಿಗ್ಸಿದ್ರು ಸಾರ್, ನನ್ ಹೆಸ್ರಿತ್ತು, ತಗೊಂಡ್ ಬಂದೆ. ಮುಂದಿನ್ ತಿಂಗ್ಳು ನಂಗೆ ಮೂವತ್ತು ತುಂಬ್ಬಿಡುತ್ತೆ. ಆಮೇಲೆ ತಗೊಳಲ್ವಂತೆ" ಎಂದಳು.

ಅದು ನಿಜ. ಆ ಕೆಲಸಕ್ಕೆ ಮೂವತ್ತರ ಮಿತಿಯಿತ್ತು. ನಾನು ಮತ್ತೆ ಇಲ್ಲವೆಂದು ತಲೆಯಾಡಿಸಿದೆ.

"ಹಂಗಾದ್ರೆ ಇದನ್ನ ಕಳ್ಸಿದ್ಯಾರು ಸಾರ್?"

ಗೊತ್ತಿಲ್ಲಮ್ಮ ಎಂದೆ. ಅವಳು ಜಗಳವಾಡಲಿಲ್ಲ. ಪತ್ರವನ್ನು ಮೇಜಿನ ಮೇಲೆ ಬಿಟ್ಟು ಹೊರಟುಹೋದಳು.

ಸುಮ್ಮನಿರಲಾರದೆ ಡೇಟಾಬೇಸಿನಲ್ಲಿ ಹುಡುಕಿದೆ. ಅವಳ ಅರ್ಜಿ ಇತ್ತು. ಈಮೇಲಿನ ಜಾಗದಲ್ಲಿ ಇದ್ದದ್ದು ಬೂದಿಗೆರೆಯ ಸೈಬರ್ ಸೆಂಟರಿನವನ ಈಮೇಲ್. ಅವಳೊಬ್ಬಳದಲ್ಲ, ಆ ಕಡೆಯ ಮೂವತ್ತು ಚಿಲ್ಲರೆ ಜನರದೂ ಅದೇ. ಆಗ ಹಳ್ಳಿಗಳಲ್ಲಿ ಯಾರಿಗೆ ಸ್ವಂತ ಈಮೇಲ್ ಇತ್ತು? ಅರ್ಜಿ ತುಂಬಿಕೊಡುವವನೇ ತನ್ನದನ್ನು ಹಾಕುತ್ತಿದ್ದ, ಉತ್ತರ ಬಂದರೆ ಪ್ರಿಂಟ್ ತೆಗೆದು ಅಂಗಡಿಯ ಗ್ರಿಲ್ಲಿಗೆ ಸಿಗಿಸುತ್ತಿದ್ದ. ನನ್ನ ಜಾಣ ಕಮಾಂಡು ಅವರಲ್ಲಿ ಮೊದಲನೆಯವನಾದ ಅನಿಲನಿಗೆ ಕಳಿಸಿ ಉಳಿದವರನ್ನೆಲ್ಲ ಬಿಟ್ಟುಬಿಟ್ಟಿತ್ತು.

ಕಿಟಕಿಯಿಂದ ನೋಡಿದರೆ ಅವಳಿನ್ನೂ ರಸ್ತೆಯಾಚೆ ಬಸ್ಸಿಗೆ ಕಾಯುತ್ತಾ ಕಲ್ಲಿನ ಮೇಲೆ ಕೂತಿದ್ದಳು, ಊಟದ ಡಬ್ಬಿಯ ಚೀಲ ತೊಡೆಯ ಮೇಲಿತ್ತು. ಎದ್ದು ಹೋಗಿ ಕರೆದರೆ ಸಾಕಿತ್ತು. ಆದರೆ ಅವಳನ್ನು ಕರೆದರೆ ಉಳಿದವರ ವಿಷಯವೂ ಬಾಯಿಬಿಡಬೇಕು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮ್ಯಾನೇಜರು ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಏಳಲಿಲ್ಲ. ಬಸ್ಸು ಬಂದು ಹೋಯಿತು. ಆ ಖಾಲಿ ಕಲ್ಲನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಆದರೆ ಕಳಿಸದ ಪತ್ರ ಬಂದದ್ದಾದರೂ ಹೇಗೆ? ಸಂಜೆ ಬೂದಿಗೆರೆಗೆ ಹೋಗಿ ಸೈಬರಿನವನನ್ನು ಕೇಳಿದೆ. "ನಿಮ್ ಕಂಪ್ನಿಯಿಂದ ಬಂದಿದ್ದು ಒಂದೇ ಲೆಟ್ರು ಸಾರ್, ಅನಿಲಂದು. ಅದನ್ನ ನಾನೇ ಅವ್ನ್ ಕೈಗೆ ಕೊಟ್ಟೆ. ಗ್ರಿಲ್ಲಿಗೆ ಏನೂ ಸಿಗ್ಸಿಲ್ಲ" ಎಂದ. ಬಂದ ಈಮೇಲುಗಳನ್ನೆಲ್ಲ ತೆರೆದು ತೋರಿಸಿದ. ಅವನು ಹೇಳಿದ್ದು ಸರಿಯಾಗಿತ್ತು.

ಮರುದಿನ, ಬಿಟ್ಟುಬಿಡು ಎಂಬ ಆ ಮಾತನ್ನು ತೆಗೆದು, ಯಾರಿಗೂ ಕಳಿಸದೆ ಪತ್ರಗಳನ್ನು ಬರೀ ತಯಾರು ಮಾಡುವಂತೆ ಕಮಾಂಡ್ ಕೊಟ್ಟು ನೋಡಿದೆ. ಬಿಟ್ಟುಹೋಗಿದ್ದವರೂ ನಡುವೆ ಸೇರಿಕೊಂಡು ಸರದಿ ಸಂಖ್ಯೆಗಳೆಲ್ಲ ಬದಲಾದವು. ಎಂಬತ್ತೇಳು ಮಂಜುಳಳ ಪಾಲಿಗೆ ಬಂತು. ಅವಳು ಬಿಟ್ಟುಹೋದ ಹಾಳೆಯನ್ನು ಪಕ್ಕದಲ್ಲಿಟ್ಟು ಓದಿದೆ. ಹೆಸರು, ವಿಳಾಸ, ಹನ್ನೊಂದೂ ಕಾಲರ ಸಮಯ, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ನಾನು ಕಳಿಸಬೇಕಾಗಿದ್ದ ಪತ್ರ ಅದು. ಆ ಸಂಖ್ಯೆ ಅವಳದಾಗುತ್ತಿತ್ತೆಂದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದಿಷ್ಟೇ: ತಯಾರಾದ ಪತ್ರಗಳನ್ನು ಅಳಿಸಿದೆ, ಬಾಯಿ ಮುಚ್ಚಿಕೊಂಡೆ. ಕೆಲಸಗಳು ಬೇರೆಯವರಿಗೆ ಹೋದವು, ನನ್ನದು ಕಾಯಂ ಆಯಿತು. ತಿಳಿದವರೊಬ್ಬರಿಗೆ, ಬೇರೆ ಯಾರದೋ ಕಥೆಯೆಂಬಂತೆ ಇದನ್ನು ಹೇಳಿ ನೋಡಿದ್ದೇನೆ. ಪ್ರೋಗ್ರಾಮಿನಲ್ಲಿ ಏನೋ ದೋಷ ಇರಬೇಕು ಎಂದರು. ಇರಬಹುದು. ನನಗಂತೂ ಅದು ಸಿಕ್ಕಿಲ್ಲ.

ಆ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ, ಶಾಯಿ ಸ್ವಲ್ಪ ಮಾಸಿದೆ. ಮೇಲ್ಗಡೆ ಮಂಜುಳಳ ವಿಳಾಸ ಇದೆ, ಬಾಗಿಲ ಸಂಖ್ಯೆ ಸಮೇತ. ಹೊಸಕೋಟೆಯಿಂದ ಆ ಮನೆಗೆ ಬೈಕಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಒಮ್ಮೆಯೂ ಹೋಗಿಲ್ಲ.